ಕ್ಯಾಮೆರಾ ಇಡುವುದು ಬೇರೆ, ಊರಿಗೆಲ್ಲ ತೋರಿಸುವುದು ಬೇರೆ

ಪ್ರಿಯ ಲೇಖಕರೆ,

ನಮಸ್ಕಾರ. ಮುಧೋಳದಿಂದ ನೀವು ಕಳಿಸಿದ ‘ದೆವ್ವ ಬಿಡಿಸುವುದನ್ನು ಜನ ನೋಡಲಿ’ ಲೇಖನ ಓದಿದೆವು. ಕ್ಯಾಥೊಲಿಕ್ ಚರ್ಚಿನ ಭೂತೋಚ್ಚಾಟನೆಯನ್ನು ಚಿತ್ರೀಕರಿಸಿ ಟಿವಿ, ಯೂಟ್ಯೂಬಿನಲ್ಲಿ ತೋರಿಸಬೇಕು, ಆಗ ನಿಜ ಯಾವುದು ಸುಳ್ಳು ಯಾವುದು ತಾನಾಗಿ ಬಯಲಾಗುತ್ತದೆ ಎಂಬುದು ನಿಮ್ಮ ವಾದ. ಈಗಿರುವಂತೆ ಇದನ್ನು ಪತ್ರಿಕೆಯಲ್ಲಿ ಹಾಕಲು ಬರುವುದಿಲ್ಲ. ಹಾಗಂತ ಬಿಸಾಕುವ ಬರಹವೂ ಅಲ್ಲ; ಅದಕ್ಕೇ ಇಷ್ಟುದ್ದ ಪತ್ರ.

ಮೊದಲ ಎರಡು ಪುಟ ತೆಗೆದುಬಿಡಿ. ಗುಡುಗು, ಆರಿಹೋಗುವ ಮೇಣದಬತ್ತಿ, ಲ್ಯಾಟಿನ್‌ನಲ್ಲಿ ಅಬ್ಬರಿಸುವ ಪಾದ್ರಿ, ಎಲ್ಲ ಸಿನಿಮಾದಿಂದ ಬಂದ ಸಾಮಾನು. 1614ರ ರೋಮನ್ ವಿಧಿಗ್ರಂಥದಲ್ಲಿದ್ದ ಭೂತೋಚ್ಚಾಟನೆಯ ಕ್ರಮವನ್ನು ವ್ಯಾಟಿಕನ್ ಪರಿಷ್ಕರಿಸಿ 1999ರ ಜನವರಿಯಲ್ಲಿ ಹೊರತಂದಿತು. ಅದರಲ್ಲಿ ಮೊದಲು ತೀರ್ಥ ಚಿಮುಕಿಸುತ್ತಾರೆ. ಆಮೇಲೆ ಸಂತರ ಪ್ರಾರ್ಥನಾಮಾಲೆ, ಕೀರ್ತನೆ, ಶುಭಸಂದೇಶದ ವಾಚನ, ತಲೆಯ ಮೇಲೆ ಕೈಯಿಡುವುದು, ವಿಶ್ವಾಸಪ್ರಮಾಣ, ಯೇಸು ಕಲಿಸಿದ ಪ್ರಾರ್ಥನೆ, ಶಿಲುಬೆ ತೋರಿಸುವುದು. ಇಷ್ಟೆಲ್ಲ ಆದ ಮೇಲೆ ದೇವರಲ್ಲಿ ಬೇಡಿಕೊಳ್ಳುವ ಪ್ರಾರ್ಥನೆ. ‘ಹೊರಡು’ ಎಂದು ದೆವ್ವಕ್ಕೆ ನೇರವಾಗಿ ಆಜ್ಞೆ ಮಾಡುವುದೇನಿದ್ದರೂ ಅದರ ನಂತರ. ಬೇಡಿಕೆಯಿಲ್ಲದೆ ಆಜ್ಞೆಯೊಂದನ್ನೇ ಹೇಳುವಂತಿಲ್ಲ. ನಿಮ್ಮ ಪಾದ್ರಿಯಾದರೋ ಹೊಸ್ತಿಲು ದಾಟುತ್ತಲೇ ಆಜ್ಞೆ ಶುರುಮಾಡುತ್ತಾನೆ.

ಮೂರನೆಯ ಪುಟದ ಗೊಂದಲ ಇದಕ್ಕಿಂತ ದೊಡ್ಡದು. ಪೆಂಡಾಲಿನಲ್ಲಿ ಮೈಕ್ ಹಿಡಿದು, ಹಣೆ ಒತ್ತಿ, ಜನರನ್ನು ಸಾಲಾಗಿ ಬೀಳಿಸುವ ವಿಡಿಯೊಗಳನ್ನು ಉದಾಹರಣೆಗೆ ಕೊಟ್ಟಿದ್ದೀರಿ. ನೀವು ಹೆಸರಿಸಿದ ಮೂರೂ ಬೇರೆ ಪಂಗಡದ ಸಭೆಗಳವು. 1983ರ ಕ್ಯಾಥೊಲಿಕ್ ಧರ್ಮಸಂಹಿತೆಯ 1172ನೇ ನಿಯಮದಂತೆ ಬಿಷಪ್ಪರ ವಿಶೇಷ, ಸ್ಪಷ್ಟ ಅನುಮತಿ ಇಲ್ಲದೆ ಯಾರೂ ಈ ವಿಧಿ ನಡೆಸುವಂತಿಲ್ಲ, ಮತ್ತು ಅನುಮತಿ ಸಿಗುವುದು ಪಾದ್ರಿಗಳಿಗೆ ಮಾತ್ರ. ಬೆಳಗಾವಿ ಕ್ಯಾಂಪಿನ ಫಾತಿಮಾ ಮಾತೆಯ ಪ್ರಧಾನಾಲಯಕ್ಕೆ ಹೋಗಿ ಕೇಳಿದ್ದರೂ ಇಷ್ಟು ತಿಳಿಯುತ್ತಿತ್ತು. ‘ಚರ್ಚು ಏನನ್ನೋ ಮುಚ್ಚಿಡುತ್ತಿದೆ’ ಎಂದು ಗುಮಾನಿಯಲ್ಲಿ ಬರೆದಿದ್ದೀರಲ್ಲ, ಅದು ಗುಮಾನಿಯ ಮಾತೇ ಅಲ್ಲ. ಹೊಸ ವಿಧಿಗ್ರಂಥದ ಪೀಠಿಕೆಯ 19ನೇ ಅಂಶದಲ್ಲೇ ಅಚ್ಚಾಗಿದೆ. ವಿಧಿ ಪ್ರದರ್ಶನವಾಗಬಾರದು, ಮಾಧ್ಯಮಕ್ಕೆ ಅವಕಾಶವಿಲ್ಲ, ಅಲ್ಲಿದ್ದವರು ಮೊದಲಾಗಲಿ ಆಮೇಲಾಗಲಿ ಸುದ್ದಿ ಹಬ್ಬಿಸಬಾರದು. ನೀವು ಜಗಳ ಆಡಬೇಕಾದದ್ದು ಈ ಸಾಲಿನ ಜೊತೆ. ಅದನ್ನು ಎತ್ತಿಯೇ ಇಲ್ಲ.

ಆ ಜಗಳಕ್ಕೆ ಬೇಕಾದ ಗಟ್ಟಿ ಸಾಕ್ಷಿಯನ್ನೂ ಬಿಟ್ಟಿದ್ದೀರಿ. ಜರ್ಮನಿಯ ಆನೆಲೀಸ್ ಮಿಶೆಲ್ ಎಂಬ ಕಾಲೇಜು ಹುಡುಗಿಗೆ ಮೂರ್ಛೆರೋಗವಿತ್ತು. 1975ರಲ್ಲಿ ವ್ಯೂರ್ಟ್ಸ್‌ಬುರ್ಗ್‌ನ ಬಿಷಪ್ ಅನುಮತಿ ಕೊಟ್ಟರು, ಗುಟ್ಟಾಗಿ ನಡೆಸಿ ಎಂದೂ ಹೇಳಿದರು. ಸುಮಾರು ಹತ್ತು ತಿಂಗಳಲ್ಲಿ 67 ಬಾರಿ ವಿಧಿ ನಡೆಯಿತು. ಆಕೆ ಊಟ ಬಿಟ್ಟಳು, ಕೊನೆಕೊನೆಗೆ ಡಾಕ್ಟರನ್ನೂ ಕರೆಸಲಿಲ್ಲ. 1976ರ ಜುಲೈ 1ರಂದು ತೀರಿಕೊಂಡಾಗ ವಯಸ್ಸು 23, ತೂಕ ಮೂವತ್ತು ಕಿಲೊ ಆಸುಪಾಸು. 1978ರಲ್ಲಿ ಕೋರ್ಟು ತಂದೆತಾಯಿಗೂ ಇಬ್ಬರು ಪಾದ್ರಿಗಳಿಗೂ ನಿರ್ಲಕ್ಷ್ಯದಿಂದಾದ ಸಾವಿನ ಅಪರಾಧದಲ್ಲಿ ಆರು ತಿಂಗಳ ಶಿಕ್ಷೆ ವಿಧಿಸಿ, ಅದನ್ನು ಅಮಾನತಿನಲ್ಲಿಟ್ಟಿತು. ನಿಮಗೆ ಬೇಕಾದದ್ದು ಮುಂದಿದೆ. ಆ ವಿಧಿಗಳ ಧ್ವನಿಯನ್ನು ನಲವತ್ತಕ್ಕೂ ಹೆಚ್ಚು ಕ್ಯಾಸೆಟ್‌ಗಳಲ್ಲಿ ಮುದ್ರಿಸಿಕೊಂಡಿದ್ದರು, ಕೋರ್ಟಿನಲ್ಲಿ ಅವನ್ನು ಕೇಳಿಸಿದರು. ಅಂದರೆ ದಾಖಲೆ ಇತ್ತು. ಹುಡುಗಿ ಉಸಿರಾಡುತ್ತಿದ್ದಾಗ ಅದನ್ನು ಕೇಳಬೇಕಾದ ವೈದ್ಯನ ಕೈಗೆ ಮಾತ್ರ ಸಿಗಲಿಲ್ಲ. ಈಗ ಅದೇ ಧ್ವನಿ ಇಂಟರ್ನೆಟ್ಟಿನಲ್ಲಿ ಹೆದರಿಸುವ ಮೋಜಿನ ಸರಕು.

ನಿಮ್ಮ ಲೇಖನ ಕಾಲು ಮುರಿದುಕೊಂಡಿರುವುದು ಇಲ್ಲೇ. ಚಿತ್ರೀಕರಿಸಬೇಕೇ ಎಂಬುದು ಒಂದು ಪ್ರಶ್ನೆ, ಜನರಿಗೆ ತೋರಿಸಬೇಕೇ ಎಂಬುದು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ‘ಹೌದು’ ಎಂದಿದ್ದೀರಿ. ಮೊದಲನೆಯದಕ್ಕೆ ವಾದ ಮಾಡಿ, ನಿಮ್ಮ ಬೆನ್ನಿಗೆ ನಾವಿದ್ದೇವೆ.

ಎರಡನೆಯದು ನಿಲ್ಲುವುದಿಲ್ಲ. ದೆವ್ವ ಹಿಡಿದಿದೆ ಎನ್ನಲು ಚರ್ಚು ಹೇಳುವ ಲಕ್ಷಣಗಳು ಮೂರು: ಗೊತ್ತಿಲ್ಲದ ಭಾಷೆ ಆಡುವುದು, ಗುಪ್ತ ಸಂಗತಿ ಹೇಳುವುದು, ವಯಸ್ಸಿಗೆ ಮೀರಿದ ಬಲ. ಆ ಭಾಷೆ ದೆವ್ವ ಹಿಡಿದಿದೆ ಎನ್ನುವ ಹೆಂಗಸಿನ ಕಿವಿಗೆ ಹಿಂದೆ ಬಿದ್ದಿತ್ತೋ ಇಲ್ಲವೋ ಎಂಬುದನ್ನು ಯಾವ ವಿಡಿಯೊ ಹೇಳೀತು? ಅದಕ್ಕೆ ಮನೆಯವರನ್ನು, ಶಾಲೆಯವರನ್ನು ಕೂರಿಸಿ ವಿಚಾರಿಸಬೇಕು. ಮೇಲಾಗಿ ಗಂಟೆಗಟ್ಟಲೆ ನಡೆಯುವ ಜಪದಲ್ಲಿ ಎಡಿಟರ್ ಉಳಿಸುವುದು ಕಿರುಚಾಟದ ಮೂರು ನಿಮಿಷ. 1991ರ ಏಪ್ರಿಲ್‌ನಲ್ಲಿ ಅಮೆರಿಕದ ಎಬಿಸಿ ವಾಹಿನಿ ಜೀನಾ ಎಂದಷ್ಟೇ ಗುರುತಿಸಲಾದ 16ರ ಹುಡುಗಿಯ ಭೂತೋಚ್ಚಾಟನೆಯನ್ನು ಪ್ರಸಾರ ಮಾಡಿತು. ಅಷ್ಟು ಜನ ನೋಡಿದ ಮೇಲೂ ನಂಬುವವರು ನಂಬಿದರು, ನಗುವವರು ನಕ್ಕರು.

ಒಪ್ಪಿಗೆಯ ಬಗ್ಗೆ ನಿಮ್ಮದು ಒಂದೇ ಸಾಲು: ‘ಮನೆಯವರ ಅನುಮತಿ ಪಡೆಯಬೇಕು.’ ಯಾವ ಮನೆಯವರು? ಅತ್ತೆಯೋ, ತವರೋ? ಆಕೆ ಹದಿನಾರರವಳಾದರೆ? ವಿಧಿಯ ಹೊತ್ತಿನಲ್ಲಿ ಆಕೆ ತನ್ನ ವಶದಲ್ಲಿಲ್ಲ ಎಂದು ನಂಬುವವರು ಆಕೆಯ ‘ಹೂಂ’ ಅನ್ನು ಯಾವಾಗ ಪಡೆಯಬೇಕು, ಅದು ಎಷ್ಟು ದಿನದ ತನಕ ನಡೆಯುತ್ತದೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೇ ಕಲಂ, ಆಸ್ಪತ್ರೆಯಲ್ಲಿರುವ ಮನೋರೋಗಿಯ ಫೋಟೊವನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡಬಾರದು ಎನ್ನುತ್ತದೆ. ಅದು ಚರ್ಚಿಗೆ ನೇರವಾಗಿ ಅನ್ವಯಿಸದು, ಆದರೆ ಅಳತೆಗೋಲಾಗಿ ಬಳಸಿ. ನಮ್ಮ ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆಯನ್ನೂ ಓದಿ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಬಡಿಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಅದರಲ್ಲಿ ಅಪರಾಧ. ಬರೀ ಪ್ರಾರ್ಥನೆ ಆ ಪಟ್ಟಿಗೆ ಬರುವುದಿಲ್ಲ. ನೀವು ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದೀರಿ.

ಇನ್ನು ಐದನೆಯ ಪುಟದ ಆ ಪ್ಯಾರಾ. ಅಮವಾಸ್ಯೆ ದಿನ ಗುಡಿ ಮುಂದೆ ಮೈಮೇಲೆ ಬಂದು ಬಿದ್ದ ಸೊಸೆ, ಕೂದಲು ಬಿಚ್ಚಿದೆ, ಮೈದುನ ಒಂದು ಕೈಯಲ್ಲಿ ಆಕೆಯ ರಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಮೊಬೈಲ್ ಎತ್ತಿದ್ದಾನೆ. ಆಕೆ ಎಚ್ಚರಾದವಳೇ ಮೊದಲು ಸೆರಗು ಹುಡುಕುತ್ತಾಳೆ, ಆಮೇಲೆ ಮೊಬೈಲ್ ನೋಡುತ್ತಾಳೆ. ಸಂಜೆಗೆ ಅದು ಊರವರ ಸ್ಟೇಟಸ್ಸಿನಲ್ಲಿ. ಇಡೀ ಲೇಖನದಲ್ಲಿ ನೀವು ಕಣ್ಣಾರೆ ಕಂಡು ಬರೆದದ್ದು ಇದೊಂದೇ, ಮತ್ತು ಅದು ನಿಮ್ಮ ವಾದಕ್ಕೇ ತಿರುಗಿ ನಿಂತಿದೆ. ಅಲ್ಲಿಂದಲೇ ಶುರುಮಾಡಿ. ಊರು, ಓಣಿ, ಮನೆತನ ಗುರುತು ಸಿಗದಂತೆ ಮಾತ್ರ ಬದಲಿಸಿ.

ನಂತರ ಆನೆಲೀಸ್, ಆಮೇಲೆ ನಿಮ್ಮ ಸಲಹೆ. ಸಲಹೆ ನಿಖರವಾಗಿರಲಿ. ಕ್ಯಾಮೆರಾ ಒಂದೇ, ಅಲುಗಾಡದ್ದು, ಕತ್ತರಿ ಹಾಕದ್ದು. ಕೋಣೆಯಲ್ಲೇ ಅಥವಾ ಫೋನ್ ಮಾಡಿದರೆ ಸಿಗುವಂತೆ ವೈದ್ಯರು. ಪ್ರತಿ ಯಾರ ಬಳಿ, ಎಷ್ಟು ವರ್ಷ, ಅಳಿಸು ಎಂದು ಆಕೆ ಕೇಳಿದರೆ ಏನು. ಇದನ್ನು ಬರೆಯುವ ಮೊದಲು ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ ಮನೋವೈದ್ಯರೊಬ್ಬರ ಜೊತೆ ಅರ್ಧ ಗಂಟೆ ಕೂತು ಬನ್ನಿ. ಮೈಮೇಲೆ ಬರುವವರನ್ನು ಅವರು ನೋಡಿದಷ್ಟು ನಾವು ನೀವು ನೋಡಿಲ್ಲ.

1,200 ಪದ ಮೀರದಿರಲಿ. ಆಶ್ಚರ್ಯಸೂಚಕ ಚಿಹ್ನೆಗಳನ್ನೆಲ್ಲ ತೆಗೆಯಿರಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ಹಿಂದಿನ ಸಲ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗಿ ಬಂದಿತ್ತು.

ಸಂಪಾದಕರು