ಲೆಡ್ಡಿಂಗ್ ಅಂದರೆ ಏನು? ಸಾಲುಗಳ ನಡುವಿನ ಜಾಗಕ್ಕೆ ಆ ಹೆಸರು ಯಾಕೆ ಬಂತು?

ಮೊದಲು ಉಚ್ಚಾರ ಸರಿ ಮಾಡಿಕೊಳ್ಳೋಣ. ಇಂಗ್ಲಿಷಿನಲ್ಲಿ leading ಅಂತ ಬರೆಯುವ ಈ ಪದವನ್ನು ‘ಲೀಡಿಂಗ್’ ಅಂತ ಓದುವವರಿದ್ದಾರೆ. ಇನ್‌ಡಿಸೈನ್ ಅನ್ನುವ ಪುಟ ವಿನ್ಯಾಸದ ತಂತ್ರಾಂಶ ಬಳಸುವವರಲ್ಲೂ ತುಂಬಾ ಜನ ಹಾಗೇ ಹೇಳುತ್ತಾರೆ. ಆದರೆ ಅದು ಲೆಡ್ಡಿಂಗ್. ಇಲ್ಲಿರುವುದು ಸೀಸ, ಇಂಗ್ಲಿಷಿನಲ್ಲಿ ಲೆಡ್ ಅಂತಾರಲ್ಲ, ಆ ಲೋಹ. ಮುಂದೆ ನಡೆಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಚ್ಚುಮೊಳೆಗಳ ಕಾಲದಲ್ಲಿ ಒಂದೊಂದು ಅಕ್ಷರವೂ ಒಂದು ಲೋಹದ ತುಂಡು. ಸೀಸಕ್ಕೆ ತವರ ಮತ್ತು ಆಂಟಿಮನಿ ಬೆರೆಸಿ ಎರಕ ಹೊಯ್ಯುತ್ತಿದ್ದರು. ಸೀಸ ಒಂದೇ ಆದರೆ ತೀರಾ ಮೆತ್ತಗೆ, ಬೇಗ ಸವೆಯುತ್ತದೆ. ಕಂಪೋಸಿಟರ್ ಮೊಳೆಗಳನ್ನು ಸಾಲಾಗಿ ಜೋಡಿಸಿ, ಒಂದು ಸಾಲಿಗೂ ಮುಂದಿನದಕ್ಕೂ ನಡುವೆ ತೆಳುವಾದ ಲೋಹದ ಪಟ್ಟಿ ಇಡುತ್ತಿದ್ದ. ಆ ಪಟ್ಟಿಯ ಹೆಸರೇ ಲೆಡ್. ಅದು ಮೊಳೆಗಿಂತ ಗಿಡ್ಡ. ಹಾಗಾಗಿ ಅದಕ್ಕೆ ಶಾಯಿ ತಾಗುತ್ತಿರಲಿಲ್ಲ, ಕಾಗದದ ಮೇಲೆ ಅಷ್ಟು ಜಾಗ ಬಿಳಿಯಾಗಿ ಉಳಿಯುತ್ತಿತ್ತು. ಪಟ್ಟಿಯೇ ಇಲ್ಲದೆ ಸಾಲುಗಳನ್ನು ಒತ್ತಾಗಿ ಜೋಡಿಸಿದರೆ ‘ಸೆಟ್ ಸಾಲಿಡ್’ ಅನ್ನುತ್ತಿದ್ದರು.

ಈಗ ಗೊಂದಲದ ಜಾಗಕ್ಕೆ ಬರೋಣ. ಅಕ್ಷರದ ಅಳತೆಯನ್ನು ಪಾಯಿಂಟ್ ಲೆಕ್ಕದಲ್ಲಿ ಹೇಳುತ್ತಾರೆ; ಕಂಪ್ಯೂಟರಿನ ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ. 10 ಪಾಯಿಂಟ್ ಮೊಳೆಯ ಸಾಲುಗಳ ನಡುವೆ 2 ಪಾಯಿಂಟ್ ಪಟ್ಟಿ ಇಟ್ಟರೆ, ಹಳೆಯ ಲೆಕ್ಕದಲ್ಲಿ ಲೆಡ್ಡಿಂಗ್ ಅಂದರೆ ಆ 2 ಮಾತ್ರ. ಕಂಪ್ಯೂಟರಿನಲ್ಲಿ ಅದೇ ಲೆಡ್ಡಿಂಗ್ 12. ಯಾಕೆಂದರೆ ಈಗ ಒಂದು ಸಾಲಿನ ಅಕ್ಷರಗಳು ಕೂರುವ ಗೆರೆಯಿಂದ, ಅಂದರೆ ಬೇಸ್‌ಲೈನ್‌ನಿಂದ ಇನ್ನೊಂದರ ಬೇಸ್‌ಲೈನ್‌ವರೆಗೆ ಅಳೆಯುತ್ತಾರೆ. ಪಟ್ಟಿ ಹೋಯಿತು, ಹೆಸರು ಉಳಿಯಿತು, ಅಳತೆ ಬದಲಾಯಿತು! 10 ಪಾಯಿಂಟ್ ಅಕ್ಷರ, ಒಟ್ಟು 12 ಅನ್ನುವುದನ್ನು ‘10/12’ ಅಂತ ಬರೆಯುವ ರೂಢಿ ಮಾತ್ರ ಹಾಗೇ ಇದೆ.

ವೆಬ್‌ನಲ್ಲಿ ಇದಕ್ಕೆ ಲೈನ್-ಹೈಟ್ ಅಂತಾರೆ. ಒಂದು ವ್ಯತ್ಯಾಸ ಇದೆ. ಅಲ್ಲಿ ಹೆಚ್ಚಿನ ಜಾಗವನ್ನು ಅರ್ಧ ಸಾಲಿನ ಮೇಲೆ, ಅರ್ಧ ಕೆಳಗೆ ಹಂಚುತ್ತಾರೆ. ಲೋಹದ ಪಟ್ಟಿಗೆ ಆ ಚಾಳಿ ಇರಲಿಲ್ಲ.

ಇನ್‌ಡಿಸೈನ್‌ನಲ್ಲಿ ನೀವೇನೂ ಮುಟ್ಟದಿದ್ದರೆ ಅದು ಅಕ್ಷರದ ಅಳತೆಯ 120% ಇಟ್ಟುಕೊಳ್ಳುತ್ತದೆ. ಇಂಗ್ಲಿಷಿಗೆ ಅದು ನಡೆಯುತ್ತದೆ. ಕನ್ನಡಕ್ಕೆ ನನಗಂತೂ ಸಾಲದು. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತದ ಗುರುತು ಮೇಲೆ ಏರುತ್ತದೆ. ಮೇಲಿನ ಸಾಲಿನಲ್ಲಿ ‘ರಾಷ್ಟ್ರ’, ಅದರ ಕೆಳಗೇ ‘ಕೀರ್ತಿ’ ಬಂದರೆ ಎರಡೂ ಗುದ್ದಾಡುತ್ತವೆ. 140% ಇಟ್ಟು ಶುರು ಮಾಡಿ, ಫಾಂಟ್ ನೋಡಿಕೊಂಡು ಸ್ವಲ್ಪ ಜಾಸ್ತಿ ಕಡಿಮೆ ಮಾಡಿ. ಸಾಲು ಉದ್ದ ಇದ್ದಷ್ಟೂ ಲೆಡ್ಡಿಂಗ್ ಜಾಸ್ತಿ ಬೇಕು, ಇಲ್ಲದಿದ್ದರೆ ಕಣ್ಣು ಹಿಂದಿರುಗುವಾಗ ಓದಿದ ಸಾಲಿಗೇ ಬಂದು ನಿಲ್ಲುತ್ತದೆ.