ಲಕೋಟೆಯ ಮೇಲಿನ ಹೈದರಾಬಾದ್ ಯಾವುದು?

ಮಾನ್ಯರೇ,

ಧಾರವಾಡದಿಂದ ತಾವು ಬರೆದ ಪತ್ರ ತಲುಪಿದೆ. ಮುಂಬಯಿ ಸರ್ಕಾರದಲ್ಲಿ ಗುಮಾಸ್ತರಾಗಿದ್ದ ತಮ್ಮ ಅಜ್ಜ 1931ರಲ್ಲಿ ಮನೆಗೆ ಬರೆದ ಕಾಗದದ ಲಕೋಟೆಯ ಮೇಲೆ ‘ಹೈದರಾಬಾದ್, ಸಿಂಧ್’ ಎಂಬ ಅಂಚೆಮುದ್ರೆ ಇದೆಯೆಂದೂ, ಅವರು ನಿಜಾಮರ ಊರಿನಲ್ಲಿದ್ದರೆಂದೇ ಮನೆಮಂದಿಯೆಲ್ಲ ನಂಬಿರುವುದರಿಂದ ಮುದ್ರೆಯೇ ತಪ್ಪಿರಬಹುದೇ ಎಂದೂ ಕೇಳಿದ್ದೀರಿ.

ಮುದ್ರೆ ತಪ್ಪಿಲ್ಲ. ಇಂದು ಪಾಕಿಸ್ತಾನದಲ್ಲಿರುವ ಆ ಹೈದರಾಬಾದನ್ನು 1768ರಲ್ಲಿ ಗುಲಾಮ್ ಷಾ ಕಲ್ಹೋರೊ ಎಂಬ ದೊರೆ, ನೇರೂನ್ ಕೋಟ್ ಎಂಬ ಹಳೆಯ ನೆಲೆಯ ಮೇಲೆ, ಸಿಂಧೂ ನದಿಗೆ ಸಮೀಪದಲ್ಲಿ ಕಟ್ಟಿಸಿದನು. ಮೂಸಿ ನದಿಯ ದಡದ ಹೈದರಾಬಾದ್ ಅದಕ್ಕಿಂತ ಹಿರಿಯದು. ಗೋಲ್ಕೊಂಡದ ಮುಹಮ್ಮದ್ ಕುಲಿ ಕುತುಬ್ ಷಾ ಅದನ್ನು ಸ್ಥಾಪಿಸಿದ್ದು 1591ರಲ್ಲಿ. ‘ಹೈದರ್’ ಎಂದರೆ ಸಿಂಹ, ಅದು ಪ್ರವಾದಿಯವರ ಅಳಿಯ ಅಲಿಯವರ ಬಿರುದು. ಸಿಂಧಿನ ಊರಿಗೆ ಹೆಸರು ಬಂದದ್ದು ಆ ಬಿರುದಿನಿಂದ. ದಖ್ಖಣದ ಊರಿನ ಹೆಸರಿಗೆ ಕುಲಿಯ ಪ್ರೇಯಸಿ ಭಾಗಮತಿ ‘ಹೈದರ್ ಮಹಲ್’ ಎನಿಸಿದಳೆಂಬ ಪ್ರೇಮಕಥೆಯನ್ನು ಹೇಳುವವರೂ ಉಂಟಾದರೂ, ಅಲ್ಲಿಯೂ ಈ ಬಿರುದೇ ಮೂಲವೆಂಬ ವಾದ ನನಗೆ ಹೆಚ್ಚು ಒಪ್ಪಿಗೆಯಾಗಿದೆ.

ತಮ್ಮ ಅಜ್ಜನವರ ವಿಷಯಕ್ಕೆ ಬಹಳ ಮುಖ್ಯವಾದ ಸಂಗತಿ ಬೇರೆಯೇ ಇದೆ. 1843ರಲ್ಲಿ ಮಿಯಾನಿ ಯುದ್ಧದಲ್ಲಿ ಸಿಂಧನ್ನು ಆಳುತ್ತಿದ್ದ ತಾಲ್ಪುರ ಮೀರರು ಸೋತ ಮೇಲೆ ಸಿಂಧ್ ಬ್ರಿಟಿಷರ ಪಾಲಾಯಿತು. 1847ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1936ರವರೆಗೆ ಅದರ ಭಾಗವಾಗಿಯೇ ಉಳಿಯಿತು. ಧಾರವಾಡ, ಬೆಳಗಾವಿ, ವಿಜಾಪುರಗಳೂ ಅದೇ ಪ್ರಾಂತದಲ್ಲಿದ್ದವಲ್ಲವೇ? ಆದ್ದರಿಂದ 1931ರಲ್ಲಿ ಧಾರವಾಡದ ಸರ್ಕಾರಿ ಗುಮಾಸ್ತರಿಗೆ ಅಷ್ಟು ದೂರದ ಸಿಂಧಿನ ಹೈದರಾಬಾದ್ ಸ್ವಂತ ಪ್ರಾಂತದ ಊರಾಗಿದ್ದರೆ, ರಾಯಚೂರಿನಾಚೆಯ ಹೈದರಾಬಾದ್ ಪರಸಂಸ್ಥಾನದ ರಾಜಧಾನಿಯಾಗಿತ್ತು. ಮುಂಬಯಿ ಸರ್ಕಾರ ತನ್ನ ನೌಕರರನ್ನು ವರ್ಗ ಮಾಡಬಹುದಾಗಿದ್ದದ್ದು ಮೊದಲನೆಯದಕ್ಕೆ.

ಅಂಚೆ ಮತ್ತು ರೈಲುಗಳ ಜಾಲದಲ್ಲಿ ಎರಡೂ ಊರುಗಳಿದ್ದಾಗ ‘ಸಿಂಧ್’, ‘ಡೆಕ್ಕನ್’ ಎಂಬ ಜೋಡುಪದಗಳಿಲ್ಲದೆ ಕಾಗದಗಳು ದಾರಿ ತಪ್ಪುತ್ತಿದ್ದವು. ನಾಂಪಲ್ಲಿಯ ರೈಲು ನಿಲ್ದಾಣ ಇಂದಿಗೂ ‘ಹೈದರಾಬಾದ್ ಡೆಕ್ಕನ್’ ಎಂಬ ಹೆಸರನ್ನು ಉಳಿಸಿಕೊಂಡಿದೆ. 1947ರಲ್ಲಿ ನಡುವೆ ಗಡಿ ಬಂದ ಮೇಲೆ ನಮ್ಮ ಮಾತಿನಲ್ಲಿ ಹೈದರಾಬಾದ್ ಎಂದರೆ ಒಂದೇ ಊರಾಯಿತು. ಸಿಂಧಿನಿಂದ ಮನೆಮಾರು ಬಿಟ್ಟು ಬಂದ ಸಿಂಧಿ ಕುಟುಂಬಗಳಲ್ಲಿ ಮಾತ್ರ ಇನ್ನೊಂದರ ನೆನಪು ನೋವಿನೊಡನೆ ಉಳಿಯಿತು. ತಮ್ಮ ಮನೆಯವರ ತಪ್ಪು ತಿಳುವಳಿಕೆ ಬಹುಶಃ ಹೀಗೆಯೇ ಬೆಳೆದಿರಬೇಕು.

ಲಕೋಟೆಯೊಳಗಿನ ಕಾಗದವನ್ನು ಇನ್ನೊಮ್ಮೆ ಓದಿ ನೋಡಿ. ಸಿಂಧಿನ ಆ ಊರಿನ ಮಾಳಿಗೆಗಳ ಮೇಲೆ, ತಂಗಾಳಿಯನ್ನು ಕೋಣೆಗಿಳಿಸಲು ಒಂದೇ ದಿಕ್ಕಿಗೆ ಮುಖಮಾಡಿದ ಗಾಳಿಗೂಡುಗಳು ಸಾಲುಸಾಲಾಗಿ ಇರುತ್ತಿದ್ದವು. ಹೊಸಬರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದೇ ಅವು. ಅಜ್ಜನವರು ಅವುಗಳ ಬಗ್ಗೆ ಒಂದು ಸಾಲನ್ನಾದರೂ ಬರೆದಿದ್ದರೆ, ದಯವಿಟ್ಟು ಅದರ ಪ್ರತಿಯನ್ನು ನಮಗೆ ಕಳುಹಿಸಿಕೊಡಿ.

— ಸಂಪಾದಕ