ಸ್ಪೀಕರ್ ಪಾತ್ರಕ್ಕೆ ಡೈಲಾಗೇ ಇಲ್ಲ!

ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಪ್ರಶ್ನೆ: ಸರ್, ನಾನು ದ್ವಿತೀಯ ಪಿಯುಸಿ, ಕಲಾ ವಿಭಾಗ. ನಮ್ಮ ಕಾಲೇಜಿನ ಯುವ ಸಂಸತ್ತಿಗೆ ಲೋಕಸಭೆ ಮಾಡುತ್ತಿದ್ದೇವೆ. ನನಗೆ ಸ್ಪೀಕರ್ ಪಾತ್ರ ಬಂದಿದೆ. ಬರೆದುಕೊಟ್ಟ ಹಾಳೆಯಲ್ಲಿ ನನಗಿರೋದು ‘ಶಾಂತರಾಗಿ’, ‘ಕುಳಿತುಕೊಳ್ಳಿ’ ಇಷ್ಟೇ. ವಿರೋಧ ಪಕ್ಷದ ನಾಯಕಿಗೆ ಎರಡು ಪುಟ ಭಾಷಣ ಇದೆ. ಪಾತ್ರ ಬದಲಾಯಿಸಿಕೊಳ್ಳಲಾ? ಬಾವಿಗಿಳಿದು ಧರಣಿ ಮಾಡೋ ದೃಶ್ಯವೂ ಇದೆ. ವೇದಿಕೆ ಮೇಲೆ ಬಾವಿ ಎಲ್ಲಿ ಮಾಡೋದು?
– ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ಬಿಡಬೇಡಮ್ಮ. ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಾ ಹದಿನಾಲ್ಕು ಸಲ ಇಂಥ ಲೋಕಸಭೆ ಕಟ್ಟಿ ಕೆಡವಿದವನ ಮಾತು ಇದು. ಉಳಿದವರೆಲ್ಲ ಉರು ಹೊಡೆದದ್ದನ್ನು ಒಪ್ಪಿಸಿ ಕೂರುತ್ತಾರೆ. ಒಬ್ಬ ಮಂತ್ರಿ ಉತ್ತರ ಮರೆತು ಚಾವಣಿ ನೋಡುತ್ತಾನೆ, ಮೈಕು ಕೈಕೊಡುತ್ತದೆ, ಹಿಂದಿನ ಸಾಲಿನವನಿಗೆ ನಗು ತಡೆಯುವುದಿಲ್ಲ. ಆಗೆಲ್ಲ ಸದನ ನಡೆಸಬೇಕಾದವಳು ನೀನು. ಅದನ್ನು ಯಾವ ಮೇಷ್ಟ್ರೂ ಬರೆದುಕೊಡಲಾರರು.

ಡೈಲಾಗ್ ಬೇಕಾದರೆ ಪ್ರಶ್ನೋತ್ತರ ಅವಧಿಯಲ್ಲಿ ಹುಡುಕು. ಬಹಳಷ್ಟು ಕಾಲೇಜುಗಳಲ್ಲಿ ಮಕ್ಕಳು ಇಡೀ ಪ್ರಶ್ನೆಯನ್ನು ಓದುತ್ತಾರೆ, ಮಂತ್ರಿ ಇಡೀ ಉತ್ತರವನ್ನು ಓದುತ್ತಾನೆ, ಕೇಳುವವರು ತೂಕಡಿಸುತ್ತಾರೆ. ದೆಹಲಿಯಲ್ಲಿ ಹಾಗಿಲ್ಲ. ಚುಕ್ಕೆ ಗುರುತಿನ ಪ್ರಶ್ನೆಗಳು (ಮಂತ್ರಿ ಸದನದಲ್ಲೇ ಎದ್ದುನಿಂತು ಉತ್ತರಿಸಬೇಕಾದವು) ದಿನಕ್ಕೆ 20, ಅಚ್ಚಾಗಿ ಎಲ್ಲರ ಕೈಯಲ್ಲಿರುತ್ತವೆ. ನೀನು ಸದಸ್ಯರ ಹೆಸರು ಕರೆಯುತ್ತೀ, ಅವರು ಎದ್ದು ಪ್ರಶ್ನೆಯ ಸಂಖ್ಯೆಯನ್ನಷ್ಟೇ ಹೇಳುತ್ತಾರೆ. ಮಂತ್ರಿ ‘ಉತ್ತರವನ್ನು ಸದನದ ಮುಂದಿಟ್ಟಿದ್ದೇನೆ’ ಅನ್ನುತ್ತಾರೆ. ಆಮೇಲೆ ಬರುವ ಉಪಪ್ರಶ್ನೆಗಳಲ್ಲಿ ಮಂತ್ರಿಯ ನಿಜವಾದ ಬಂಡವಾಳ ಗೊತ್ತಾಗುತ್ತದೆ. ಯಾರಿಗೆ ಅವಕಾಶ ಕೊಡಬೇಕು, ಯಾವಾಗ ‘ಸಾಕು, ಮುಂದಿನ ಪ್ರಶ್ನೆ’ ಅನ್ನಬೇಕು, ಎಲ್ಲ ನಿನ್ನ ಕೈಯಲ್ಲಿ. ಎರಡು ಉಪಪ್ರಶ್ನೆಗಳನ್ನಾದರೂ ಮಂತ್ರಿಗೆ ಮೊದಲೇ ತಿಳಿಸದೆ ಕೇಳಿಸು.

ನೀನು ಕೂರುವ ಕುರ್ಚಿಯಲ್ಲಿ ಕೂತವರನ್ನೂ ಸ್ವಲ್ಪ ನೋಡು. 1967ರಲ್ಲಿ ಸ್ಪೀಕರ್ ಆದ ಎನ್. ಸಂಜೀವ ರೆಡ್ಡಿ ತಮ್ಮ ಪಕ್ಷಕ್ಕೇ ರಾಜೀನಾಮೆ ಕೊಟ್ಟು ಕುರ್ಚಿಗೆ ಬಂದರು. ಅವರು ಎರಡನೇ ಸಲ ಸ್ಪೀಕರ್ ಆಗಿ, 1977ರಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದಾಗ ಅದೇ ಕುರ್ಚಿಗೆ ಬಂದವರು ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ. 1973ರಲ್ಲಿ ತಮ್ಮ ಹಿರಿತನವನ್ನು ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರೆಂದು ಸುಪ್ರೀಂ ಕೋರ್ಟು ಬಿಟ್ಟುಬಂದವರು, ಬೆಂಗಳೂರು ದಕ್ಷಿಣದಿಂದ ಗೆದ್ದಿದ್ದರು.

ಬಾವಿಗೆ ಗುಂಡಿ ತೋಡಬೇಕಾಗಿಲ್ಲ! ಸ್ಪೀಕರ್ ಪೀಠದ ಮುಂದೆ, ಮಹಾಕಾರ್ಯದರ್ಶಿ ಮತ್ತು ವರದಿಗಾರರು ಕೂರುವ ತಗ್ಗು ಜಾಗವೇ ಬಾವಿ. ನಿನ್ನ ಕುರ್ಚಿಯನ್ನು ಒಂದು ಮಂಚದ ಮೇಲಿಟ್ಟರೆ ಕೆಳಗಿನದು ತಾನೇ ಬಾವಿಯಾಗುತ್ತದೆ. ಅಲ್ಲಿಗೆ ನುಗ್ಗಿದವರನ್ನು ಸುಮ್ಮನೆ ಬೇಡಿಕೊಳ್ಳುತ್ತಾ ಕೂರಬೇಡ. 2001ರಲ್ಲಿ ಸೇರಿಸಿದ 374ಎ ನಿಯಮದಂತೆ ಸ್ಪೀಕರ್ ಹೆಸರು ಹಿಡಿದು ಹೇಳಿದರೆ ಆ ಸದಸ್ಯರು ಐದು ದಿನದ ಕಲಾಪದಿಂದ ತಾನಾಗಿ ಅಮಾನತು (ಅಧಿವೇಶನ ಅಷ್ಟು ದಿನ ಉಳಿದಿರದಿದ್ದರೆ ಉಳಿದಷ್ಟು ದಿನ). ಅಂದಹಾಗೆ ಶಾಮಿಯಾನದವನಿಗೆ ಹಸಿರು ಕಾರ್ಪೆಟ್ ಬೇಕೆಂದು ಮೊದಲೇ ಹೇಳಿಡಿ. ಒಮ್ಮೆ ನಮಗೆ ಕೆಂಪು ಹಾಸಿ ಹೋಗಿದ್ದ. ಇಡೀ ದಿನ ರಾಜ್ಯಸಭೆಯಲ್ಲಿ ಕೂತು ಲೋಕಸಭೆ ನಡೆಸಿದೆವು.

ಪ್ರಶ್ನೆ: ನಮ್ಮಲ್ಲಿ ಪ್ರತಿ ವರ್ಷವೂ ಮಸೂದೆ ಅಂಗೀಕಾರವಾಗುತ್ತದೆ, ಹಾಗೆಂದು ಮೊದಲೇ ಬರೆದಿರುತ್ತೇವೆ. ಈ ಸಲ ಮಕ್ಕಳು ನಿಜವಾಗಿ ಮತ ಹಾಕಲಿ ಎಂದರೆ ಸಹೋದ್ಯೋಗಿಗಳು ‘ಸರ್ಕಾರ ಬಿದ್ದುಹೋದರೆ ಅತಿಥಿಗಳ ಮುಂದೆ ಆಭಾಸ’ ಅನ್ನುತ್ತಾರೆ.
– ಉಪನ್ಯಾಸಕರು, ತುಮಕೂರು

ಉತ್ತರ: ಬೀಳಲಿ ಬಿಡಿ ಸರ್. ಬೀಳಲಾರದ ಸರ್ಕಾರ ಕಟ್ಟುವುದಾದರೆ ಲೋಕಸಭೆ ಯಾಕೆ, ನಾಟಕವನ್ನೇ ಆಡಿಸಬಹುದು.

ನಾನೂ ಎಂಟು ವರ್ಷ ಬರೆದೇ ಆಡಿಸಿದೆ. ಒಂಬತ್ತನೇ ವರ್ಷ, ಹದಿನೆಂಟರೊಳಗಿನವರಿಗೆ ಮೊಬೈಲ್ ನಿಷೇಧಿಸುವ ಮಸೂದೆಗೆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟೆ. ಧ್ವನಿಮತದಲ್ಲಿ ‘ಹೌದು’ ಗೆದ್ದಿತೆಂದು ಸ್ಪೀಕರ್ ಹುಡುಗಿ ಹೇಳಿದಳು. ವಿರೋಧ ಪಕ್ಷದವರು ಮತ ವಿಭಜನೆ, ಅಂದರೆ ಮತಗಳ ಎಣಿಕೆ, ಬೇಕೆಂದು ಎದ್ದುನಿಂತರು. ಹೊರಗಿರುವ ಸದಸ್ಯರನ್ನು ಕರೆಯಲು ನಿಯಮದಂತೆ ಮೂರೂವರೆ ನಿಮಿಷ ಗಂಟೆ ಬಾರಿಸಬೇಕಲ್ಲ, ನಮ್ಮ ಅಟೆಂಡರ್ ಚಾಚೂ ತಪ್ಪದೆ ಬಾರಿಸಿದರು. ಪಕ್ಕದ ಹೈಸ್ಕೂಲಿನ ಮಕ್ಕಳು ಟಿಫಿನ್ ಬಾಕ್ಸ್ ಹಿಡಿದು ಮೈದಾನಕ್ಕೆ ಬಂದುಬಿಟ್ಟವು.

ಎಣಿಸಿದರೆ 23–23. ಸಂವಿಧಾನದ 100ನೇ ವಿಧಿಯಂತೆ ಸ್ಪೀಕರ್ ಮೊದಲಿಗೆ ಮತ ಹಾಕುವ ಹಾಗಿಲ್ಲ, ಸಮಸಮ ಬಂದರೆ ಹಾಕದೆ ಇರುವ ಹಾಗಿಲ್ಲ. ಹುಡುಗಿ ನನ್ನ ಮುಖ ನೋಡಿದಳು. ನಾನು ಫ್ಯಾನ್ ನೋಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅರ್ಧ ಸದನ ಬೇಡ ಅಂದಿದ್ದನ್ನು ನಾನೊಬ್ಬಳೇ ಕಾನೂನು ಮಾಡೋದಿಲ್ಲ’ ಎಂದು ‘ಇಲ್ಲ’ದ ಕಡೆ ಮತ ಹಾಕಿದಳು. ಸಮಸಮ ಬಿದ್ದಾಗ ಇದ್ದದ್ದನ್ನು ಇದ್ದಂತೆ ಉಳಿಸುವುದು ಬ್ರಿಟನ್ನಿನ ಸ್ಪೀಕರ್‌ಗಳು ಪಾಲಿಸಿಕೊಂಡು ಬಂದ ಸಂಪ್ರದಾಯ. ಅದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ‘ಪ್ರಧಾನಿ’ ಮಾತ್ರ ವಾರ್ಷಿಕೋತ್ಸವದ ತನಕ ಅವಳ ಜೊತೆ ಮಾತು ಬಿಟ್ಟಿದ್ದ.

ಸಹೋದ್ಯೋಗಿಗಳಿಗೆ 1999ರ ಏಪ್ರಿಲ್ 17ನ್ನು ನೆನಪಿಸಿ. ವಾಜಪೇಯಿ ಸರ್ಕಾರಕ್ಕೆ 269, ವಿರುದ್ಧ 270. ಒಂದು ಮತ! ಒಡಿಶಾದ ಮುಖ್ಯಮಂತ್ರಿಯಾಗಿದ್ದರೂ ಸಂಸದ ಸ್ಥಾನ ಬಿಡದ ಗಿರಿಧರ ಗಮಾಂಗ್ ಅಂದು ಬಂದು ಮತ ಹಾಕಿದ್ದು ಇವತ್ತಿಗೂ ಜಗಳದ ವಿಷಯ. ಅದಕ್ಕೂ ಎರಡು ವರ್ಷ ಮೊದಲು, 1997ರ ಏಪ್ರಿಲ್ 11ರಂದು, ದೇವೇಗೌಡರು ತಮ್ಮ ವಿಶ್ವಾಸಮತದಲ್ಲಿ 158–292ರಿಂದ ಸೋತರು. ಅವರು ರಾಜ್ಯಸಭೆಯ ಸದಸ್ಯರು. ಲೋಕಸಭೆಯಲ್ಲಿ ಮಾತಾಡಬಹುದಿತ್ತು, ತಮ್ಮ ಸರ್ಕಾರಕ್ಕೆ ತಾವೇ ಮತ ಹಾಕುವಂತಿರಲಿಲ್ಲ. ಇದನ್ನು ಹೇಳಿದಾಗ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುವುದನ್ನು ಕಂಡಿದ್ದೇನೆ.

ಪ್ರಿನ್ಸಿಪಾಲರಿಗೆ ಅಳುಕಿದ್ದರೆ ಕೊನೆಯ ಪುಟವನ್ನು ಎರಡು ಥರ ಬರೆದಿಟ್ಟುಕೊಳ್ಳಿ, ಗೆದ್ದರೆ ಒಂದು, ಸೋತರೆ ಒಂದು.

ಪ್ರಶ್ನೆ: ನನ್ನ ಮಗ ಶಾಲೆಯ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ್ದಕ್ಕೆ ತೀರ್ಪುಗಾರರೊಬ್ಬರು ‘ಲೋಕಸಭೆ ಅಂದರೆ ಇಂಗ್ಲಿಷ್ ಇಲ್ಲವೇ ಹಿಂದಿ’ ಎಂದು ಅಂಕ ಕಳೆದರು. ಸರಿಯೇ?
– ಗೃಹಿಣಿ, ಮೈಸೂರು

ಉತ್ತರ: ತಪ್ಪು. 120ನೇ ವಿಧಿ ಹಿಂದಿ, ಇಂಗ್ಲಿಷ್ ಎಂದು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಆ ಎರಡರಲ್ಲಿ ಹೇಳಬೇಕಾದ್ದನ್ನು ಸರಿಯಾಗಿ ಹೇಳಲಾಗದವರಿಗೆ ಸ್ಪೀಕರ್ ತಾಯ್ನುಡಿಯಲ್ಲಿ ಮಾತಾಡಲು ಅನುಮತಿ ಕೊಡಬಹುದು. ಶಿವಮೊಗ್ಗದಿಂದ 1967ರಲ್ಲಿ ಗೆದ್ದುಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಮುಂದಿನ ಸಲ ನಿಮ್ಮ ಮಗ ಎದ್ದ ಕೂಡಲೇ ‘ಮಾನ್ಯ ಸ್ಪೀಕರ್ ಅವರೇ, ಕನ್ನಡದಲ್ಲಿ ಮಾತಾಡಲು ಅನುಮತಿ ಕೋರುತ್ತೇನೆ’ ಎಂದು ಕೇಳಲಿ. ಅನುಮತಿ ಕೊಡುವ ಸ್ಪೀಕರ್ ಹುಡುಗಿಗೂ ಆಗ ಒಂದು ಡೈಲಾಗ್ ಸಿಕ್ಕ ಹಾಗಾಯಿತು.